ಪ್ರಮಾಣಪತ್ರ ಮತ್ತು ಕಾರ್ಖಾನೆಯ ವಾಸ್ತವ

ಕಾರ್ಖಾನೆಗಳ ನಾಮಫಲಕದಲ್ಲೂ ಟೆಂಡರ್ ಅರ್ಜಿಗಳಲ್ಲೂ ಕಾಣುವ ಐಎಸ್‌ಒ 9001 ಎಂಬ ಉಲ್ಲೇಖವನ್ನು ಗ್ರಾಹಕರು ಸಾಮಾನ್ಯವಾಗಿ ಸರಕಿನ ಗುಣಕ್ಕೆ ಬಿದ್ದ ಮುದ್ರೆಯೆಂದು ಭಾವಿಸುತ್ತಾರಾದರೂ, 1987ರಲ್ಲಿ ಮೊದಲು ಪ್ರಕಟವಾದ ಈ ಮಾನಕವು ಯಾವ ಸರಕಿನ ಗುಣವನ್ನೂ ನಿಗದಿಪಡಿಸುವುದಿಲ್ಲ. ಕೆಲಸದ ಕ್ರಮವನ್ನು ಗೊತ್ತುಮಾಡಿ, ದಾಖಲೆಯಿಟ್ಟು, ತಪ್ಪಿನ ಮೂಲವನ್ನು ಹುಡುಕಿ ತಿದ್ದಿಕೊಳ್ಳುವ ವ್ಯವಸ್ಥೆಯೊಂದು ಸಂಸ್ಥೆಯಲ್ಲಿರಬೇಕು ಎಂಬುದು ಅದರ ಅಪೇಕ್ಷೆ. ಮಾನಕವನ್ನು ರೂಪಿಸುವ ಜಿನೀವಾದ ಸಂಸ್ಥೆ ಪ್ರಮಾಣಪತ್ರ ನೀಡುವುದಿಲ್ಲ. ಅದನ್ನು ನೀಡುವವು ಬೇರೆ ಪ್ರಮಾಣೀಕರಣ ಸಂಸ್ಥೆಗಳು, ಮತ್ತು ಅವುಗಳಿಗೆ ಶುಲ್ಕ ತೆರುವುದು ತಪಾಸಣೆಗೆ ಒಳಗಾಗುವ ಕಂಪನಿಯೇ.

ಈ ಏರ್ಪಾಡಿನ ಮಿತಿಯನ್ನು ಫ್ರಾನ್ಸಿನ ಪಿಐಪಿ ಕಂಪನಿಯ ಪ್ರಕರಣದಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆಗಳು ಕಡಿಮೆ. ದೇಹದೊಳಗೆ ಇರಿಸುವ ಕೃತಕ ಸ್ತನಗಳನ್ನು ತಯಾರಿಸುತ್ತಿದ್ದ ಆ ಕಂಪನಿಯ ಗುಣಮಟ್ಟ ವ್ಯವಸ್ಥೆಯನ್ನು, ಐಎಸ್‌ಒ 9001ಕ್ಕಿಂತ ಬಿಗಿಯಾದ ಯುರೋಪಿನ ವೈದ್ಯಕೀಯ ಸಾಧನಗಳ ನಿಯಮದಡಿ ಜರ್ಮನಿಯ ಟ್ಯೂಫ್ ರೈನ್‌ಲ್ಯಾಂಡ್ ಸಂಸ್ಥೆ ಪರಿಶೀಲಿಸುತ್ತಿತ್ತು. 1998ರಿಂದ 2008ರವರೆಗೆ ಅದು ನಡೆಸಿದ ಎಂಟು ಭೇಟಿಗಳೂ ಮುಂಚಿತವಾಗಿ ತಿಳಿಸಿದವೇ ಆಗಿದ್ದವು. 2010ರಲ್ಲಿ ಫ್ರಾನ್ಸಿನ ಆರೋಗ್ಯ ನಿಯಂತ್ರಣ ಸಂಸ್ಥೆಯ ತಪಾಸಣೆಯಿಂದ, ಅನುಮೋದಿತ ಜೆಲ್‌ನ ಬದಲು ಅಗ್ಗದ ಕೈಗಾರಿಕಾ ಸಿಲಿಕೋನ್ ತುಂಬಲಾಗುತ್ತಿದ್ದ ಸಂಗತಿ ಬಯಲಾಯಿತು. ಸ್ಥಾಪಕ ಝಾನ್ ಕ್ಲೋಡ್ ಮಾಸ್‌ಗೆ 2013ರಲ್ಲಿ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲಾಯಿತು. ಸಂತ್ರಸ್ತೆಯೊಬ್ಬರ ದಾವೆ ಐರೋಪ್ಯ ಒಕ್ಕೂಟದ ನ್ಯಾಯಾಲಯವನ್ನು ತಲುಪಿದಾಗ, ತಯಾರಕರು ನಿಯಮ ಮೀರುತ್ತಿರಬಹುದೆಂಬ ಸುಳಿವು ದೊರೆತಾಗ ಅಗತ್ಯ ಕ್ರಮ ಕೈಗೊಳ್ಳಬೇಕಾದರೂ, ಹೇಳದೆ ಭೇಟಿ ಕೊಡುವ, ಸರಕನ್ನೇ ಪರೀಕ್ಷಿಸುವ ಅಥವಾ ವ್ಯವಹಾರದ ಲೆಕ್ಕಪತ್ರಗಳನ್ನು ನೋಡುವ ಸಾಮಾನ್ಯ ಹೊಣೆ ಆಗಿನ ನಿಯಮದಡಿ ಇಂಥ ಸಂಸ್ಥೆಗಳಿಗಿರಲಿಲ್ಲವೆಂದು 2017ರಲ್ಲಿ ತೀರ್ಪು ಬಂದಿತು.

ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು. ಪ್ರಮಾಣಪತ್ರವನ್ನು ನಂಬಿ ಸರಕು ಕೊಳ್ಳುವವರಿಗೆ ಅದಕ್ಕಿಂತ ಕಟುವಾದ ಎಚ್ಚರಿಕೆ ಮತ್ತೊಂದಿರಲಾರದು. ಅನುಮೋದಿತ ಕಚ್ಚಾವಸ್ತುವನ್ನು ಎಷ್ಟು ಕೊಳ್ಳಲಾಯಿತು, ಅದರಿಂದ ಎಷ್ಟು ಸರಕು ಹೊರಬಂದಿತು ಎಂಬ ಎರಡು ಲೆಕ್ಕಗಳನ್ನು ಎದುರುಬದುರಾಗಿ ಇರಿಸಿದ್ದರೆ ಮೋಸ ಅಡಗಿ ಉಳಿಯುವುದು ಕಷ್ಟವಿತ್ತು. ಪರಿಶೋಧಕರು ಕಂಪನಿ ತೋರಿಸಿದ ಕಡತವನ್ನು ಕಂಪನಿಯೇ ಬರೆದ ವಿಧಾನದೊಂದಿಗೆ ತಾಳೆ ನೋಡುವವರೆಗೆ, ಸುಳ್ಳನ್ನು ಕ್ರಮಬದ್ಧವಾಗಿ ದಾಖಲಿಸುವ ಕಾರ್ಖಾನೆಯೂ ತೇರ್ಗಡೆಯಾಗುತ್ತದೆ.

ಹಾಗೆಂದು ಪ್ರಮಾಣೀಕರಣವನ್ನು ಬರಿಯ ಕಾಗದವೆಂದು ತಳ್ಳಿಹಾಕುವುದೂ ಅವಸರದ ಮಾತು. ಡೇವಿಡ್ ಲೆವೀನ್ ಮತ್ತು ಮೈಕೆಲ್ ಟಾಫೆಲ್ 2010ರಲ್ಲಿ ಪ್ರಕಟಿಸಿದ ಕ್ಯಾಲಿಫೋರ್ನಿಯಾದ ಅಧ್ಯಯನದಲ್ಲಿ, ಐಎಸ್‌ಒ 9001 ಪಡೆದ ಸಂಸ್ಥೆಗಳು ಅವುಗಳಿಗೆ ಸರಿಹೋಲುವ ಇತರ ಸಂಸ್ಥೆಗಳಿಗಿಂತ ಹೆಚ್ಚಾಗಿ ಉಳಿದುಕೊಂಡಿದ್ದವು. ಅವುಗಳ ಮಾರಾಟವೂ ಉದ್ಯೋಗವೂ ವೇಗವಾಗಿ ಬೆಳೆದಿದ್ದವು. ಆದರೆ ಮಾರಾಟ ಹೆಚ್ಚಿದ್ದಕ್ಕೆ ಕೆಲಸ ಸುಧಾರಿಸಿದ್ದೇ ಕಾರಣವೋ, ಪ್ರಮಾಣಪತ್ರವಿಲ್ಲದೆ ತೆರೆಯದಿದ್ದ ಬಾಗಿಲುಗಳು ತೆರೆದದ್ದು ಕಾರಣವೋ ಎಂಬುದು ಈ ಅಂಕಿಗಳಿಂದಲೇ ತೀರ್ಮಾನವಾಗುವುದಿಲ್ಲ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಸಣ್ಣ ಘಟಕಕ್ಕೆ ಎರಡನೆಯ ಕಾರಣವೇ ಹತ್ತಿರದ್ದು, ಏಕೆಂದರೆ ದೊಡ್ಡ ಕಂಪನಿಗಳ ಪೂರೈಕೆದಾರರ ಪಟ್ಟಿ ಸೇರಲು ಪ್ರಮಾಣಪತ್ರ ಹಲವು ವೇಳೆ ಪೂರ್ವಷರತ್ತಾಗಿರುತ್ತದೆ.

ಘಟಕವೊಂದು ಹೇಗೆ ನಡೆಯುತ್ತಿದೆ ಎಂದು ತಿಳಿಯಬಯಸುವ ಖರೀದಿದಾರರು ಪ್ರಮಾಣಪತ್ರದ ವ್ಯಾಪ್ತಿಯಲ್ಲಿ ಯಾವ ವಿಭಾಗ ಸೇರಿದೆ, ಯಾವುದು ಬಿಟ್ಟುಹೋಗಿದೆ ಎಂಬುದನ್ನು ಮೊದಲು ಓದಿ, ಬಳಿಕ ತಿಂಗಳವಾರು ರಿಜೆಕ್ಷನ್, ಅಂದರೆ ತಪಾಸಣೆಯಲ್ಲಿ ತಿರಸ್ಕೃತವಾದ ಸರಕಿನ ಪ್ರಮಾಣ, ಮತ್ತು ರೀವರ್ಕ್, ಅಂದರೆ ಮತ್ತೆ ಮಾಡಬೇಕಾಗಿ ಬಂದ ಕೆಲಸದ ಲೆಕ್ಕ ಕೇಳುವುದು ಹೆಚ್ಚು ಉಪಯುಕ್ತ. ವರ್ಷಾನುಗಟ್ಟಲೆ ಒಂದೇ ದೋಷ ಒಂದೇ ಯಂತ್ರದಲ್ಲಿ ಮರುಕಳಿಸಿದ್ದು ಆ ಲೆಕ್ಕದಲ್ಲಿ ಕಂಡರೆ, ದೋಷ ನಿವಾರಣೆಯ ಕಡತ ಎಷ್ಟೇ ಅಚ್ಚುಕಟ್ಟಾಗಿದ್ದರೂ ಮಾನಕ ಬಯಸಿದ ಕೆಲಸ ಅಲ್ಲಿ ನಡೆದಿಲ್ಲ.