ಮುಖ ಮತ್ತು ದನಿ: ಐಶ್ವರ್ಯಾ ರೈ ಅವರ ನಟನಾ ಜೀವನ – ಒಂದು ಜಾನಪದೀಯ ವಿವೇಚನೆ

ಐಹೊಳೆಯ ದುರ್ಗಾ ಗುಡಿಯ ಹೊರಗಂಬಗಳ ಮೇಲೆ ಕಂಡರಿಸಿದ ಹೆಣ್ಣುರೂಪಗಳು ಚಾಲುಕ್ಯ ಶಿಲ್ಪದ ಚೆಲುವಿಗೆ ಮಾದರಿಯೆನಿಸಿವೆ. ಇಂತಹ ಶಿಲ್ಪಗಳನ್ನು ಕಂಡ ನಾಡಿನಲ್ಲಿ ಚೆಲುವಾದ ಹೆಣ್ಣನ್ನು ‘ಕಡೆದಿಟ್ಟ ಗೊಂಬೆ’ಗೆ ಹೋಲಿಸುವುದು ವಾಡಿಕೆ. ಸಿನಿಮಾ ಬರಹಗಳೂ ಈ ಹೋಲಿಕೆಯನ್ನು ಧಾರಾಳವಾಗಿ ಬಳಸಿಕೊಂಡಿವೆ. ಸೌಂದರ್ಯ ಸ್ಪರ್ಧೆಯ ಕಿರೀಟ ತೊಟ್ಟು ನಟಿಯಾದವರ ವಿಷಯದಲ್ಲಿ ಅದು ಹೊಗಳಿಕೆಯೂ ಹೌದು, ತೆಗಳಿಕೆಯೂ ಹೌದು: ಗೊಂಬೆಯಂತೆ ಚೆಲುವೆ, ಗೊಂಬೆಯಂತೆಯೇ ಭಾವ ಹೊಮ್ಮಿಸಲಾರದವಳು. ಕರ್ನಾಟಕ ಮೂಲದ ಐಶ್ವರ್ಯಾ ರೈ ಅವರ ನಟನೆಯನ್ನು ಬಹುಕಾಲ ಈ ಎರಡು ಮಾತುಗಳ ನಡುವೆಯೇ ಅಳೆಯಲಾಗಿದೆ. ಈ ಅಳತೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಐಹೊಳೆ ಪರಿಸರದ ರಂಗಪರಂಪರೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಐಶ್ವರ್ಯಾ ರೈ 1973ರ ನವೆಂಬರ್ 1ರಂದು ಮಂಗಳೂರಿನಲ್ಲಿ, ತುಳು ಮನೆಮಾತಿನ ಬಂಟ ಕುಟುಂಬದಲ್ಲಿ ಜನಿಸಿದರು. ಬೆಳೆದದ್ದು ಮುಂಬಯಿಯಲ್ಲಿ. 1994ರ ಭಾರತ ಸುಂದರಿ ಸ್ಪರ್ಧೆಯಲ್ಲಿ ಸುಶ್ಮಿತಾ ಸೇನ್ ಅವರ ನಂತರದ ಸ್ಥಾನ ಪಡೆದ ಅವರು ಅದೇ ವರ್ಷ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ವಿಶ್ವಸುಂದರಿಯಾದರು. 1997ರಲ್ಲಿ ಮಣಿರತ್ನಂ ಅವರ ತಮಿಳು ಚಿತ್ರ ‘ಇರುವರ್’ ಮೂಲಕ ಚಿತ್ರರಂಗ ಪ್ರವೇಶಿಸಿದರು. ‘ಹಮ್ ದಿಲ್ ದೇ ಚುಕೇ ಸನಮ್’ (1999) ಮತ್ತು ‘ದೇವದಾಸ್’ (2002) ಅವರನ್ನು ಹಿಂದಿ ಚಿತ್ರರಂಗದ ಮುಂಚೂಣಿಗೆ ತಂದವು. 2003ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಯ ಸದಸ್ಯರಾದರು. 2009ರಲ್ಲಿ ಪದ್ಮಶ್ರೀ ಪಡೆದರು. ಮೇಲ್ನೋಟಕ್ಕೆ ಇದು ಕಿರೀಟದಿಂದ ಕೀರ್ತಿಗೆ ಸಾಗಿದ ನೇರ ದಾರಿ. ಆದರೆ ಈ ದಾರಿಯಲ್ಲಿ ನಟಿಯ ಮುಖ ಸಾಗಿದ ಕಡೆಗೆಲ್ಲ ಆಕೆಯ ದನಿ ಸಾಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಚೆಲುವು ರಂಗದ ಮೇಲೆ ಹೇಗೆ ಸಿದ್ಧಿಸುತ್ತದೆ ಎಂಬುದಕ್ಕೆ ಬಾಗಲಕೋಟೆ, ಬೆಳಗಾವಿ, ವಿಜಯಪುರ ಸೀಮೆಯ ಶ್ರೀಕೃಷ್ಣ ಪಾರಿಜಾತ ಉತ್ತಮ ನಿದರ್ಶನ. ಕುಲಗೋಡ ತಮ್ಮಣ್ಣನಿಂದ ಬೆಳೆದುಬಂದ ಈ ಸಣ್ಣಾಟದ ನಾಯಕಿ ಸತ್ಯಭಾಮೆ ತನ್ನ ರೂಪದ ಬಗೆಗೆ ಹೆಮ್ಮೆಯುಳ್ಳವಳು. ಪಾರಿಜಾತದ ಹೂವು ರುಕ್ಮಿಣಿಯ ಪಾಲಾಯಿತೆಂದು ತಿಳಿದಾಗ ಆ ಹೆಮ್ಮೆಗೇ ಪೆಟ್ಟು ಬೀಳುತ್ತದೆ. ಆದರೆ ಪ್ರೇಕ್ಷಕರು ಆಕೆಯನ್ನು ಚೆಲುವೆಯೆಂದು ಒಪ್ಪುವುದು ಪಾತ್ರಧಾರಿಯ ಮೈಮಾಟವನ್ನು ನೋಡಿ ಅಲ್ಲ. ಪರಂಪರೆಯಲ್ಲಿ ಈ ಪಾತ್ರವನ್ನು ಗಂಡಸರೇ ನಿರ್ವಹಿಸುತ್ತಿದ್ದರು. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರು ಈ ರಂಗಪ್ರಕಾರಕ್ಕೆ ಬಂದದ್ದು ನಂತರ. ಗಂಡಸಿನ ಮೈಯಲ್ಲೂ ಹೆಣ್ಣಿನ ಚೆಲುವು ಮೂಡುತ್ತಿದ್ದುದು ಹಾಡುಗಾರಿಕೆಯಿಂದ, ಹೆಜ್ಜೆಯ ಬಿಗುವಿನಿಂದ ಮತ್ತು ದೂತಿಯೊಡನೆ ನಡೆಸುವ ಮಾತಿನ ಚಕಮಕಿಯಿಂದ. ಇಲ್ಲಿ ಹಾಡುವ, ಆಡುವ, ಕುಣಿಯುವ ವ್ಯಕ್ತಿ ಒಬ್ಬರೇ. ಚೆಲುವು ಎಂಬುದು ಮೊದಲೇ ತೀರ್ಪಾದ ಗುಣವಲ್ಲ. ಆಟ ನಡೆದಂತೆ ದುಡಿದು ಗಳಿಸಬೇಕಾದದ್ದು.

ಚಲನಚಿತ್ರ ತಂತ್ರಜ್ಞಾನ ಈ ಒಂದುತನವನ್ನು ಒಡೆಯಿತು. ಅದರ ಒಂದು ಮುಖವನ್ನು ಇದೇ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರ ಬದುಕಿನಲ್ಲಿ ಕಾಣಬಹುದು. ಹಾಡುತ್ತಲೇ ನಟಿಸಿ ಹೆಸರಾದ ಅವರು ಹಿನ್ನೆಲೆ ಗಾಯನ ನೆಲೆಗೊಂಡ ಕಾಲಕ್ಕೆ ಪರರ ಮುಖಗಳಿಗೆ ಕಂಠವಾದರು. ‘ಕಿಸ್ಮತ್’ (1943) ಚಿತ್ರದಲ್ಲಿ ತೆರೆಯ ಮೇಲಿನ ಮುಖ ಮುಮ್ತಾಜ್ ಶಾಂತಿಯದು, ದನಿ ಅಮೀರಬಾಯಿಯವರದು. 1965ರಲ್ಲಿ ತೀರಿಕೊಂಡ ಈ ಕಲಾವಿದೆಯನ್ನು ಕನ್ನಡ ವಿದ್ವತ್ತು ಮರಳಿ ಗುರುತಿಸಲು ರಹಮತ್ ತರೀಕೆರೆ ಅವರ ಜೀವನಕಥನ ನೆರವಾಯಿತು. ಅಮೀರಬಾಯಿ ಅವರದು ಮುಖದಿಂದ ಬೇರ್ಪಟ್ಟ ದನಿಯಾದರೆ, ಅರ್ಧ ಶತಮಾನದ ತರುವಾಯ ಬಂದ ಐಶ್ವರ್ಯಾ ಅವರದು ಹಲವು ಮಹತ್ವದ ಚಿತ್ರಗಳಲ್ಲಿ ದನಿಯಿಂದ ಬೇರ್ಪಟ್ಟ ಮುಖ. ‘ಇರುವರ್’ನಲ್ಲಿ ಅವರಿಗೆ ದನಿ ನೀಡಿದವರು ನಟಿ ರೋಹಿಣಿ. ಋತುಪರ್ಣ ಘೋಷ್ ಅವರ ಬಂಗಾಳಿ ಚಿತ್ರ ‘ಚೋಖೇರ್ ಬಾಲಿ’ಯ (2003) ವಿಧವೆ ಬಿನೋದಿನಿ ಮಾತನಾಡುವುದು ಶ್ರೀಲಾ ಮಜುಮ್ದಾರ್ ಅವರ ಕಂಠದಲ್ಲಿ. ತಮಿಳಿನ ‘ಪೊನ್ನಿಯಿನ್ ಸೆಲ್ವನ್’ (2022, 2023) ಚಿತ್ರಗಳ ನಂದಿನಿಗೆ ದೀಪಾ ವೆಂಕಟ್ ದನಿಯಾದರು.

ಹಾಗೆಂದು ಈ ಪಾತ್ರಗಳಲ್ಲಿ ನಟನೆ ಇಲ್ಲವೆನ್ನಲಾಗದು. ಚೆಲುವನ್ನೇ ಸೇಡಿನ ಆಯುಧವಾಗಿಸಿಕೊಂಡ ನಂದಿನಿಯ ನೋಟದಲ್ಲಿ ಪಳಗಿದ ಕಲೆಯಿದೆ. ಆದರೆ ವಿಮರ್ಶೆ ಇಂತಹ ಪಾತ್ರದ ಪೂರ್ಣ ಶ್ರೇಯಸ್ಸನ್ನು ಒಬ್ಬರಿಗೇ ಸಲ್ಲಿಸಿದಾಗ ಕಂಠದಾನ ಕಲಾವಿದೆಗೆ ಅನ್ಯಾಯವಾಗುತ್ತದೆ. ‘ಗೊಂಬೆ’ಯೆಂದು ತಳ್ಳಿಹಾಕಿದಾಗ ನಟಿಗೆ ಅನ್ಯಾಯವಾಗುತ್ತದೆ. ಅರ್ಧ ಉಪಕರಣವನ್ನು ಕೈಯಿಂದ ತೆಗೆದುಕೊಂಡು ಪೂರ್ಣ ನಾದವನ್ನು ಬಯಸುವ ಕ್ರಮವಿದು.

ಈ ಮಾತಿಗೆ ಸಮರ್ಥನೆ ‘ರೇನ್‌ಕೋಟ್’ (2004) ಚಿತ್ರದಲ್ಲಿ ದೊರೆಯುತ್ತದೆ. ಇದೂ ಋತುಪರ್ಣ ಘೋಷ್ ಅವರದೇ. ಭಾಷೆ ಹಿಂದಿ, ದನಿ ಐಶ್ವರ್ಯಾ ಅವರದೇ. ಮಳೆಯ ದಿನ ಕೋಲ್ಕತ್ತದ ಮಬ್ಬುಗತ್ತಲೆಯ ಮನೆಯೊಂದಕ್ಕೆ ಹಳೆಯ ಪ್ರಿಯಕರ ಬರುತ್ತಾನೆ. ನೀರೂ ತನ್ನ ಸಿರಿವಂತಿಕೆಯ ಕಥೆಗಳನ್ನು ಒಂದರ ಮೇಲೊಂದು ಹೇಳುತ್ತಾಳೆ. ಅವೆಲ್ಲ ಸುಳ್ಳೆಂಬುದು ಮೆಲ್ಲಗೆ ಬಯಲಾಗುತ್ತದೆ. ಒಡವೆ, ನೃತ್ಯ, ಬೆಳಕು ಯಾವುದರ ಆಸರೆಯೂ ಇಲ್ಲದ ಈ ಪಾತ್ರ ನಿಂತಿರುವುದು ಮಾತಿನ ಮೇಲೆ. ಸತ್ಯಭಾಮೆಯ ಹೆಮ್ಮೆಯ ಹಿಂದೆ ಅಡಗಿದ ಅಳಲಿನಂತೆ ನೀರೂಳ ಬಡಾಯಿಯ ಹಿಂದೆ ಬಡತನದ ನಾಚಿಕೆ ಕೇಳಿಸುತ್ತದೆ. ಅತ್ಯುತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಇದರಲ್ಲಿ ವಿಶ್ವಸುಂದರಿಯನ್ನು ಮರೆತು ನಟಿಯನ್ನು ಕಾಣುವುದು ಸಾಧ್ಯವಾಗುತ್ತದೆ.

1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ತೀವ್ರ ಪ್ರತಿಭಟನೆಗಳಾದವು. ಈಜುಡುಗೆಯ ಸುತ್ತನ್ನು ಸೇಶಲ್ಸ್ ದ್ವೀಪಗಳಲ್ಲಿ ನಡೆಸಲಾಯಿತು. ಹೆಣ್ಣು ಮಾರುಕಟ್ಟೆಯ ಸರಕಾಗುವಳೆಂಬ ಆತಂಕವೂ ಸಂಸ್ಕೃತಿ ಕೆಡುವುದೆಂಬ ಆತಂಕವೂ ಅಲ್ಲಿ ಬೆರೆತಿದ್ದವು. ಎರಡರಲ್ಲೂ ಚರ್ಚೆಯ ಕೇಂದ್ರ ಹೆಣ್ಣಿನ ಮೈ. ಆ ಮೈಗೆ ಮುಂದೆ ಸಿಗುವ ದನಿ ಯಾರದು ಎಂಬ ಪ್ರಶ್ನೆ ಮುನ್ನೆಲೆಗೆ ಬರಲಿಲ್ಲ.

ಐಹೊಳೆಯ ಶಿಲ್ಪ ಮಾತನಾಡದಿರುವುದು ಅದರ ಕೊರತೆಯಲ್ಲ. ಕಲ್ಲಿನ ಧರ್ಮವೇ ಅದು. ನಟಿಯನ್ನು ಆ ಧರ್ಮಕ್ಕೆ ಕಟ್ಟುವುದು ವಿಮರ್ಶೆಯ ಕೊರತೆ. ಅದೇ ನೆಲದ ಪಾರಿಜಾತ ರೂಪ, ದನಿ ಮತ್ತು ಚಲನೆಯನ್ನು ಒಟ್ಟಾಗಿ ತೂಗುವ ಅಳತೆಗೋಲನ್ನು ಕೊಟ್ಟಿದೆ. ಸೌಂದರ್ಯರಾಣಿಯರ ನಟನಾ ಜೀವನವನ್ನು ಈ ಅಳತೆಗೋಲಿನಿಂದ ನೋಡಿದರೆ ಅವರ ಸಾಧನೆ, ಮಿತಿ ಎರಡೂ ನಿಚ್ಚಳವಾಗುತ್ತವೆ; ಜೊತೆಗೆ ರೋಹಿಣಿ, ಶ್ರೀಲಾ, ದೀಪಾ ಅವರಂತಹ ಕಂಠದಾನ ಕಲಾವಿದೆಯರಿಗೂ ಅಧ್ಯಯನದಲ್ಲಿ ಸಲ್ಲಬೇಕಾದ ಸ್ಥಾನ ಸಲ್ಲುತ್ತದೆ.