ವೃತ್ತಿದಣಿವಿನ ಮಾಪಕವೂ ಮೇಲ್ವಿಚಾರಕನೂ

'ಬರ್ನ್‌ಔಟ್' ಎಂಬ ಮಾತನ್ನು ಸೇವಾವೃತ್ತಿಗಳ ಚರ್ಚೆಯಲ್ಲಿ ಪ್ರಚುರಗೊಳಿಸಿದವರು ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಉಚಿತ ಚಿಕಿತ್ಸಾಲಯದಲ್ಲಿ ದುಡಿದು ತಾವೇ ಬತ್ತಿಹೋದ ಅನುಭವದಿಂದ ಅವರು 1974ರ ತಮ್ಮ ಲೇಖನವನ್ನು ಬರೆದರು. ಇಲ್ಲಿ ಅದನ್ನು 'ವೃತ್ತಿದಣಿವು' ಎಂದು ಕರೆದಿದೆ. ನಿದ್ರೆಯಿಂದ ನೀಗುವ ದಣಿವು ಅದಲ್ಲವಾದುದರಿಂದ ಈ ಪದವೂ ಪೂರ್ಣ ತೃಪ್ತಿಕರವಲ್ಲ.

1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಪ್ರಕಟಿಸಿದ ಮಾಪಕದಲ್ಲಿ 22 ಹೇಳಿಕೆಗಳಿವೆ. ಭಾವಶಕ್ತಿ ಬರಿದಾಗುವಿಕೆ, ಸೇವೆ ಪಡೆಯುವವರನ್ನು ಜಡವಸ್ತುಗಳಂತೆ ಕಾಣುವ ಪ್ರವೃತ್ತಿ, ತನ್ನ ಸಾಧನೆಯಲ್ಲಿ ಕುಗ್ಗಿದ ವಿಶ್ವಾಸ ಎಂಬ ಮೂರು ಅಂಶಗಳನ್ನು ಅವು ಅಳೆಯುತ್ತವೆ. ಕೇವಲ ಗೊಣಗಾಟವೆನಿಸಿದ್ದುದು ಇದರಿಂದ ಅಧ್ಯಯನಯೋಗ್ಯವಾಯಿತೆಂಬುದು ನಿರ್ವಿವಾದ. ಆದರೆ ಹೇಳಿಕೆಗಳನ್ನು ಒಂದೊಂದಾಗಿ ಓದಿದರೆ ಸೇವೆ ಪಡೆಯುವವನು ಮತ್ತೆ ಮತ್ತೆ ಎದುರಾಗುತ್ತಾನೆ. ಮೇಲ್ವಿಚಾರಕನು ಒಮ್ಮೆಯೂ ಕಾಣಿಸನು. ಮಾಪಕವು ಸ್ಥಿತಿಯನ್ನು ಅಳೆಯುವುದೇ ಹೊರತು ಕಾರಣವನ್ನಲ್ಲ ಎಂಬ ಸಮಾಧಾನ ನ್ಯಾಯವಾದುದೇ. ಆದರೂ ಅಂಕ ಬೀಳುವುದು ದಣಿದವನ ಹೆಸರಿನ ಮುಂದೆ. ಪರಿಹಾರವನ್ನೂ ಅವನಲ್ಲಿಯೇ ಹುಡುಕುವುದು ಸುಲಭವಾಗುತ್ತದೆ. ಮ್ಯಾಸ್ಲಾಕ್ ಅವರೇ ಮೈಕೆಲ್ ಲೈಟರ್ ಅವರೊಡನೆ 1997ರಲ್ಲಿ ಬರೆದ ಗ್ರಂಥದಲ್ಲಿ ಕಾರಣಗಳನ್ನು ಕೆಲಸದ ವ್ಯವಸ್ಥೆಯಲ್ಲಿ ಅರಸಿದರು.

ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಈ ಮೌನ ಹೆಚ್ಚು ಹಾನಿಕರ. ಇಲ್ಲಿನ ಮೇಲ್ವಿಚಾರಕನು ಹಾಜರಿ ನೋಡುವ ಅಧಿಕಾರಿಯಷ್ಟೇ ಅಲ್ಲ. ರೋಗಿಯ ವಿಷಯದಲ್ಲಿ ತನಗುಂಟಾಗುವ ಭಯ, ಜುಗುಪ್ಸೆ, ಕೋಪಗಳನ್ನು ಕಿರಿಯನು ಬಿಚ್ಚಿ ಹೇಳಬೇಕಾದುದು ಅವನ ಮುಂದೆಯೇ. ಮೇಲ್ವಿಚಾರಕನಲ್ಲಿ ಏಳುವ ಭಾವಗಳಲ್ಲಿ ರೋಗಿಗೂ ಚಿಕಿತ್ಸಕನಿಗೂ ಇರುವ ಸಂಬಂಧ ಪ್ರತಿಬಿಂಬಿತವಾಗುವುದುಂಟೆಂದು ಅಮೆರಿಕದ ಮನೋವೈದ್ಯ ಹೆರಾಲ್ಡ್ ಸರ್ಲ್ಸ್ 1955ರಲ್ಲಿಯೇ ವಾದಿಸಿದ್ದರು. ಈ ಪ್ರತಿಬಿಂಬ ಹಿಮ್ಮುಖವಾಗಿಯೂ ಬೀಳಬಹುದೆಂಬುದು ನನ್ನ ಅಭಿಪ್ರಾಯ: ತನ್ನನ್ನು ಕಡತದಂತೆ ಕಂಡವರಿಂದ, ರೋಗಿಯನ್ನು ಕಡತದಂತೆ ಕಾಣಲು ಕಿರಿಯನು ಕಲಿಯುತ್ತಾನೆ. ಮಾಪಕವು ಅದನ್ನು ಅವನದೇ ಲಕ್ಷಣವೆಂದು ದಾಖಲಿಸುತ್ತದೆ.

ತೊಡಕು ಇನ್ನೊಂದಿದೆ. ಆಲಿಸುವವನೇ ಯೋಗ್ಯತೆಯ ವರದಿಯನ್ನೂ ಬರೆಯುತ್ತಾನೆ. ರೋಗಿಯೊಬ್ಬನು ಆತ್ಮಹತ್ಯೆ ಮಾಡಿಕೊಂಡ ಮರುದಿನ 'ಟಿಪ್ಪಣಿಗಳು ಸರಿಯಾಗಿವೆಯೇ?' ಎಂಬುದೇ ಮೊದಲ ಪ್ರಶ್ನೆಯಾದರೆ, ಮುಂದಿನ ವಾರದಿಂದ ಕಿರಿಯನು ತಿದ್ದಿದ ವೃತ್ತಾಂತವನ್ನೇ ತರುತ್ತಾನೆ. ಹಿರಿಯನು ಇಲ್ಲದ ರೋಗಿಗೆ ಸಲಹೆ ಕೊಡುತ್ತ ಕೂರುತ್ತಾನೆ.

ಈ ಮಾಪಕವನ್ನು ತಮ್ಮ ಪ್ರಬಂಧಗಳಿಗೆ ಬಳಸುವ ವಿದ್ಯಾರ್ಥಿಗಳು ಮೇಲ್ವಿಚಾರಣೆಯನ್ನು ಕುರಿತ ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಸೇರಿಸುವುದು ಅವಶ್ಯ. ಉತ್ತರ ತುಂಬಿದ ಹಾಳೆಗಳನ್ನು ಮೇಲ್ವಿಚಾರಕರ ಮೂಲಕ ಸಂಗ್ರಹಿಸಕೂಡದು.