ವೇಷ ಹಲವು, ಅನುಪಾತ ಒಂದೇ

ಸಮೀಕರಣ ಕಂಡ ಕೂಡಲೇ ಬಿಡಿಸಲು ಹೊರಡುವುದು ಶಾಲೆಯಲ್ಲಿ ಅಂಟಿಕೊಳ್ಳುವ ಚಾಳಿ. ಏಳು, ಎಂಟನೇ ತರಗತಿಯ ಗೆಳೆಯರೇ, ಒಂದು ಗಳಿಗೆ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ನೋಡಿ. ಅಲ್ಲಿರುವ ಎರಡು ಚರಗಳಲ್ಲಿ ಒಂದು ಎರಡರಷ್ಟಾದರೆ ಇನ್ನೊಂದೂ ಎರಡರಷ್ಟಾಗುತ್ತದೆಯೇ? ಮೂರರಷ್ಟಾದರೆ ಮೂರರಷ್ಟು? ಹಾಗಿದ್ದರೆ ಅವೆರಡೂ ನೇರ ಅನುಪಾತದಲ್ಲಿವೆ.

ಮೊದಲು ಸೊನ್ನೆ ಹಾಕಿ

ಬ = 3ಅ ಮತ್ತು ಬ = 3ಅ + 2 ಇವೆರಡನ್ನು ಅಕ್ಕಪಕ್ಕ ಬರೆಯಿರಿ. ಅ ಸೊನ್ನೆಯಾದರೆ ಮೊದಲನೆಯದರಲ್ಲಿ ಬ ಕೂಡ ಸೊನ್ನೆ. ಎರಡನೆಯದರಲ್ಲಿ 2 ಉಳಿದುಬಿಡುತ್ತದೆ. ಅನುಪಾತ ಕೆಡಲು ಅಷ್ಟೇ ಸಾಕು. ನಕ್ಷೆಯಲ್ಲಿ ಎರಡೂ ಸರಳರೇಖೆಗಳೇ, ಆದರೆ ಮೂಲಬಿಂದುವನ್ನು ಹಾಯುವುದು ಮೊದಲನೆಯದು ಮಾತ್ರ.

ಆಮೇಲೆ ಭಾಗಿಸಿ

ಸೊನ್ನೆಯ ಪರೀಕ್ಷೆ ಒಂದನ್ನೇ ನಂಬಬೇಡಿ. ವೃತ್ತದ ತ್ರಿಜ್ಯ ಸೊನ್ನೆಯಾದರೆ ಪರಿಧಿಯೂ ಸೊನ್ನೆ, ವಿಸ್ತೀರ್ಣವೂ ಸೊನ್ನೆ. ಆದರೆ ತ್ರಿಜ್ಯವನ್ನು ಎರಡರಷ್ಟು ಮಾಡಿ: ಪರಿಧಿ ಎರಡರಷ್ಟಾಗುತ್ತದೆ, ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಪರಿಧಿಯನ್ನು ತ್ರಿಜ್ಯದಿಂದ ಭಾಗಿಸಿದರೆ ಯಾವ ವೃತ್ತದಲ್ಲೂ ಬರುವುದು 2 ಪೈ. ವಿಸ್ತೀರ್ಣವನ್ನು ಭಾಗಿಸಿದರೆ ವೃತ್ತಕ್ಕೊಂದು ಉತ್ತರ. ಬದಲಾಗದ ಆ ಭಾಗಲಬ್ಧವೇ ನೇರ ಅನುಪಾತದ ಗುರುತು. ಅ × ಬ = 12 ಎಂಬಲ್ಲಿ ಬದಲಾಗದಿರುವುದು ಗುಣಲಬ್ಧ; ಅದು ವಿಲೋಮ ಅನುಪಾತ.

ವೇಷ ಕಳಚಿ

ಬ ÷ ಅ = 4, 2ಬ = 8ಅ, ಬ − 4ಅ = 0, ಬ = 4(ಅ + 3) − 12. ಹೊರನೋಟಕ್ಕೆ ನಾಲ್ಕು, ಒಳಗೆಲ್ಲ ಬ = 4ಅ. ಕೊನೆಯದಂತೂ ಕೂಡುವ, ಕಳೆಯುವ ಚಿಹ್ನೆ ತೋರಿಸಿ ಹೆದರಿಸುತ್ತದೆ. ಆವರಣ ಬಿಡಿಸಿದರೆ 12ಕ್ಕೆ 12 ವಜಾ.

ಇಂಥದೇ ವೇಷ ಬೆಂಗಳೂರಿನ ಆಟೋ ಮೀಟರಿನದು. 2025ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದರದಂತೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಕನಿಷ್ಠ ದರ ಇರುವಾಗ ಅನುಪಾತ ಎಲ್ಲಿಂದ ಬರಬೇಕು ಎನಿಸುತ್ತದೆ. ಬರೆದೇ ನೋಡಿ: ಬಾಡಿಗೆ = 36 + 18(ದೂರ − 2). ಬಿಡಿಸಿದರೆ ಉಳಿಯುವುದು 18 × ದೂರ! ರಾತ್ರಿ ದರ, ಕಾಯುವ ದರ ಸೇರದಿದ್ದರೆ, 2 ಕಿ.ಮೀ. ದಾಟಿದ ಪಯಣಗಳಿಗೆಲ್ಲ ಇದು ಅಪ್ಪಟ ನೇರ ಅನುಪಾತ. ಆದರೆ ಆ 2 ಕಿ.ಮೀ. ಒಳಗೆ ಅನುಪಾತ ಇಲ್ಲ, ಅರ್ಧ ಕಿ.ಮೀ.ಗೂ 36 ಕೊಡಲೇಬೇಕು. ಹಾಗಾಗಿ ಸಮೀಕರಣದ ಜೊತೆಗೆ ಅದು ಎಲ್ಲಿಂದ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದನ್ನೂ ಓದಬೇಕು.

ಗುರುತು ಹಿಡಿದರೆ ಸಿಗುವುದೇನು?

ತ್ರೈರಾಶಿ. ಮೂರು ಸಂಖ್ಯೆ ತಿಳಿದರೆ ನಾಲ್ಕನೆಯದು ಕೈಗೆ ಬರುವ ಈ ಲೆಕ್ಕವನ್ನು 499ರ ಹೊತ್ತಿಗೆ ಆರ್ಯಭಟ ಹೇಳಿದ್ದ. 9ನೇ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ವಿಸ್ತರಿಸಿದ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದು ಸಹಜ ತ್ರೈರಾಶಿ, ವ್ಯಸ್ತ ತ್ರೈರಾಶಿ ಎಂದು ಬೇರೆ ಮಾಡಿಕೊಟ್ಟ. ನೇರ, ವಿಲೋಮ ಎಂದು ನೀವು ಓದುವುದು ಅದೇ ವಿಂಗಡಣೆ.

ಅನುಪಾತವಿಲ್ಲದ ಕಡೆ ತ್ರೈರಾಶಿ ಹಾಕಿದರೆ ಎಡವಟ್ಟು. ಸೆಲ್ಸಿಯಸ್ಸಿನ 10 ಡಿಗ್ರಿ ಎಂದರೆ 50 ಫ್ಯಾರನ್‌ಹೀಟ್. 20ಕ್ಕೆ 100 ಎಂದುಬಿಟ್ಟರೆ ತಂಪು ಸಂಜೆಗೆ ಜ್ವರ ಬರಿಸಿದಂತೆ, ಸರಿಯುತ್ತರ 68. ಸೂತ್ರದಲ್ಲಿ ಕೂಡಿಸಿರುವ 32ರ ಕೆಲಸ ಅದು. ಆದ್ದರಿಂದ ಮೊದಲು ಸೊನ್ನೆ ಹಾಕಿ, ಆಮೇಲೆ ಭಾಗಿಸಿ. ಎರಡರಲ್ಲೂ ಗೆದ್ದ ಸಮೀಕರಣಕ್ಕೆ ಮಾತ್ರ ಸಹಜ ತ್ರೈರಾಶಿ.